ಲೋಟದ ಹೂವು

ಫೇಣಿ ಹೂವಿನ ಕಾಲ ಬಂತೆಂದರೆ ನಮ್ಮೂರಲ್ಲಿ ಹೂ ಮಾರುವವನು ಎಲ್ಲಿದ್ದಾನೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮನೆಯೊಳಗಿನ ಹೂದಾನಿಯ ಕಡೆ ಕತ್ತು ತಿರುಗಿಸಿದರೆ ಸಾಕು. ಕೊಯ್ದವನು ಮೂಡಲಿಗಿದ್ದರೆ ಹೂವು ಮೂಡಲಿಗೆ ಮುಖ ಮಾಡುತ್ತದೆ, ಪಡುವಲಿಗಿದ್ದರೆ ಪಡುವಲಿಗೆ. ನಾನು ಕ್ಷೌರಕ್ಕೆ ಕೂತರೆ ಊರಿನ ಅರ್ಧ ಮನೆಗಳ ಹೂವುಗಳು ಕ್ಷೌರದಂಗಡಿಯ ಕಡೆ ನೋಡುತ್ತವೆ. ಹೊಟ್ಟೆ ಕೆಟ್ಟು ನಾಲ್ಕಾರು ಸಲ ಹಳ್ಳದ ಕಡೆ ಹೋಗಿಬಂದೆನೋ, ಸಂಜೆ ಹೂ ಕೊಳ್ಳಲು ಬಂದವಳು "ತಮ್ಮಯ್ಯಣ್ಣ, ಒಂದಿಷ್ಟು ಜೀರಿಗೆ ಕಷಾಯ ಕುಡೀರಿ" ಎಂದು ಹೇಳಿಯೇ ಹೋಗುತ್ತಾಳೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಕಷಾಯ ಕುಡಿಯುವುದನ್ನು ಕಲಿತೆ.

ಈ ಹೂವಿಗೆ ಬೇರೆ ಕಡೆ ಪಿಯೋನಿ ಎನ್ನುತ್ತಾರಂತೆ. ಎಸಳಿನೊಳಗೆ ಎಸಳು ಮಡಿಸಿಕೊಂಡು ಮದುವೆಮನೆಯ ಫೇಣಿಯ ಹಾಗೆ ಕಾಣುವುದರಿಂದ ನಮ್ಮ ಹಿರಿಯರು ಫೇಣಿ ಎಂದರು, ಅದೇ ನಿಂತಿತು. ಚಳಿ ಹಿಂದೆಗೆದ ಮೇಲೆ ಬರುತ್ತದೆ, ಬಿಸಿಲು ಬಲಿಯುವ ಮೊದಲೇ ಮುಗಿದುಹೋಗುತ್ತದೆ. ನಡುವೆ ಸಿಕ್ಕಷ್ಟು ದಿನ ಮಾರಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಅಂಗಡಿ ಇರುವುದು ಊರ ಹೊರಗೆ, ದಿಣ್ಣೆಯಿಂದ ಇಳಿದು ಬರುವ ರಸ್ತೆಯ ತಿರುವಿನಲ್ಲಿ. ಅಂಗಡಿ ಎಂದರೆ ನಾಲ್ಕು ಕೋಲು, ಮೇಲೊಂದು ಗೋಣಿತಾಟು, ಕೆಳಗೆ ನೀರು ತುಂಬಿದ ಬಕೆಟ್ಟುಗಳು, ಕೂರಲಿಕ್ಕೆ ಒಂದು ಚಪ್ಪಡಿ ಕಲ್ಲು. ಎದುರುಗಡೆ ಬೋರಲಿಂಗನ ಅಂಗಡಿ. ಅವನದ್ದೂ ಇಷ್ಟೇ, ಆದರೆ ಗೋಣಿತಾಟಿಗೆ ಬಣ್ಣ ಹಚ್ಚಿಸಿದ್ದಾನೆ.

ಹೂವನ್ನು ಮೊಗ್ಗಿನಲ್ಲೇ ಕೊಯ್ಯಬೇಕು. ಮೊಗ್ಗನ್ನು ಎರಡು ಬೆರಳ ನಡುವೆ ಮೆಲ್ಲಗೆ ಅಮುಕಿದರೆ ನಾದಿಟ್ಟ ಚಪಾತಿ ಹಿಟ್ಟಿನ ಉಂಡೆಯ ಹಾಗೆ ಒತ್ತಿಕೊಳ್ಳಬೇಕು, ಆಗ ಹದ. ಮೇಲೆ ಇರುವೆ ಓಡಾಡುತ್ತಿರಬೇಕು. ಇರುವೆಯಿಲ್ಲದ ಮೊಗ್ಗನ್ನು ನಿನ್ನೆಯದು ಎಂದು ಗಿರಾಕಿಗಳು ಮುಟ್ಟುವುದಿಲ್ಲ. ಮೊಗ್ಗಿಗೆ ಕಣ್ಣಿಲ್ಲ ಎಂಬುದು ನಮ್ಮೂರಿನ ಮಾತು. ಅರಳಿದ ಮೇಲೆಯೇ ಅದು ಕೊಯ್ದವರ ಕಡೆ ತಿರುಗುವುದು. ಆದ್ದರಿಂದ ನಾವು ಪ್ರತಿ ಬಕೆಟ್ಟಿನಲ್ಲೂ ಒಂದೆರಡು ಅರಳಿದ್ದನ್ನು ಇಟ್ಟಿರುತ್ತೇವೆ. ಗಿರಾಕಿ ಬಂದು "ಸುತ್ತು ಹಾಕು" ಎಂದರೆ ಎದ್ದು ಬಕೆಟ್ಟಿನ ಸುತ್ತ ಒಂದು ಸುತ್ತು ಬರಬೇಕು. ಹೂವು ನಮ್ಮ ಜೊತೆ ತಿರುಗಿದರೆ ನಮ್ಮದೇ ಕೈಯಿಂದ ಕೊಯ್ದದ್ದು ಎಂದಾಯಿತು, ಕೊಳ್ಳುತ್ತಾರೆ. ತಿರುಗದಿದ್ದರೆ ಕದ್ದ ಮಾಲು. ಹೊಸ ಗಿರಾಕಿಗೆ ಮಾತ್ರ ಸುತ್ತು ಎಂದು ಹೆಸರಿಗೆ ಇದೆ, ಆದರೆ ನಾನು ಹುಟ್ಟಿದಾಗಿನಿಂದ ನೋಡಿದವರೂ ಸುತ್ತು ಕೇಳುತ್ತಾರೆ. ನಮ್ಮೂರೇ ಹಾಗೆ.

ಊರಿಗಿಂತ ನಾನು ಒಂದು ಕೈ ಮೇಲು. ನಮ್ಮಪ್ಪ ನನಗೆ ಬಿಟ್ಟುಹೋದದ್ದು ಎರಡು, ಫೇಣಿ ಹೂವಿನ ಮಡಿ ಮತ್ತು ಅನುಮಾನ. ಅವರು ಉಣ್ಣುವ ಮೊದಲು ತಟ್ಟೆಯ ತಳ ತಿರುಗಿಸಿ ನೋಡುತ್ತಿದ್ದವರು. ನಾನು ಅಷ್ಟಿಲ್ಲ, ಆದರೆ ಯಾರಾದರೂ ಸುಮ್ಮಸುಮ್ಮನೆ ನಕ್ಕರೆ ಆ ರಾತ್ರಿ ನನಗೆ ನಿದ್ದೆ ಹತ್ತುವುದಿಲ್ಲ. ಬೋರಲಿಂಗ ದಿನಾ ನಗುತ್ತಿದ್ದ. ಬೆಳಿಗ್ಗೆ ಬಕೆಟ್ಟು ಇಳಿಸುತ್ತಾ "ಏನ್ ತಮ್ಮಯ್ಯಣ್ಣ, ಮನೇವ್ರು ಚೆನ್ನಾಗವ್ರಾ?" ಎನ್ನುವನು. "ಮನೇಲವ್ಳೆ" ಎನ್ನುವೆನು. "ಹೌದೌದು, ಮನೇಲೇ ಅವ್ರೆ" ಎಂದು ಬಕೆಟ್ಟಿನೊಳಗೆ ಮುಖ ಹಾಕಿಕೊಂಡು ನಗುವನು. ಇವನಿಗೂ ನನ್ನ ಮನೆಗೂ ಏನು ಸಂಬಂಧ ಎಂದು ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ.

ನನ್ನ ಹೆಂಡತಿಯ ಹೆಸರು ಕೆಂಪಾಜಮ್ಮ. ಕೆಂಪಿ ಎನ್ನುತ್ತೇನೆ. ನೋಡುವುದಕ್ಕೆ ಲಕ್ಷಣವಾಗಿದ್ದಾಳೆ, ಮಾತು ಕಡಿಮೆ. ಮಾತು ಕಡಿಮೆಯಿರುವವರ ಒಳಗೆ ಏನಿದೆ ಎಂದು ತಿಳಿಯುವುದು ಹೇಗೆ? ಮದುವೆಯಾದ ಹೊಸದರಲ್ಲಿ ನಾನು ಎರಡು ಮೂರು ಸಲ "ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ" ಎಂದು ಅವಳನ್ನು ಕೆದಕಿದೆ. ಅವಳು ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು: "ನಮ್ಮಕ್ಕ ಸಂತೆಗೆ ಹೋದಾಗ ಅವಳ ಗಂಡ ಹಿಂದಿಂದೇ ಹೋದ್ನಂತೆ. ಅವಳು ತಿರುಗಿ ನೋಡುದ್ಲು. ಸಂತೆ ಚೀಲ ಅಲ್ಲೇ ಇಟ್ಟು ತವರಿಗೆ ಬಸ್ಸು ಹತ್ತುದ್ಲು. ಇವತ್ಗೂ ವಾಪಸ್ ಹೋಗಿಲ್ಲ. ನಾನೂ ಅದೇ ಹೊಟ್ಟೇಲಿ ಹುಟ್ಟಿರೋಳು, ತಿಳ್ಕೊಳ್ಳಿ." ನಾನು ತಿಳಿದುಕೊಂಡೆ. ಅವಳಿಲ್ಲದ ಮನೆಯನ್ನು ಒಂದು ಗಳಿಗೆ ಕಣ್ಣ ಮುಂದೆ ತಂದುಕೊಂಡು ನೋಡಿದೆ, ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದೆ. ನನಗೆ ಅವಳ ಮೇಲೆ ಪ್ರೀತಿ ಇಲ್ಲವೆಂದು ಯಾರೂ ಅಂದುಕೊಳ್ಳಬಾರದು. ಇದ್ದದ್ದರಿಂದಲೇ ಇಷ್ಟೆಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಅವಳನ್ನು ಹಿಂಬಾಲಿಸಬಾರದು, ಆದರೆ ಅವಳು ಎಲ್ಲಿದ್ದಾಳೆ ಎಂಬುದು ನನಗೆ ಗೊತ್ತಾಗಬೇಕು. ಫೇಣಿ ಹೂವಿನ ಕಾಲದಲ್ಲಿ ಇದೇನು ಕಷ್ಟವಲ್ಲ. ನಮ್ಮ ಹಿತ್ತಲಿನಲ್ಲಿ, ಪಕ್ಕದ ಮನೆಯ ದ್ಯಾವಕ್ಕನಿಗೂ ನಮಗೂ ನಡುವೆ ಇರುವ ಗೋಡೆಯ ಪಕ್ಕದಲ್ಲಿ, ಒಂದೆರಡು ಫೇಣಿ ಗಿಡ ಇವೆ. "ದಿನಾ ಬೆಳಿಗ್ಗೆ ಅದರಲ್ಲೊಂದು ಮೊಗ್ಗು ನೀನೇ ಕೊಯ್ದು ಕೊಡು ಕೆಂಪಿ, ನಿನ್ನ ಕೈಗುಣ ಚೆನ್ನಾಗಿದೆ, ಅಂಗಡಿಯಲ್ಲಿ ಇಟ್ಟುಕೊಂಡರೆ ವ್ಯಾಪಾರ ಆಗುತ್ತೆ" ಎಂದೆ. ಬಾಯಲ್ಲಿ ಸಕ್ಕರೆ, ಹೊಟ್ಟೆಯಲ್ಲಿ ಕತ್ತರಿ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ "ಆಯ್ತು. ಆದ್ರೆ ಮಾರಕ್ಕೆ ಹೋದ ಹೂವು ಮನೆಗೆ ವಾಪಸ್ ಬರಬಾರ್ದು, ನಮ್ಮ ತವರಲ್ಲಿ ಹಂಗೆ" ಎಂದಳು. ನಾನು ಒಪ್ಪಿದೆ. ಅಂದಿನಿಂದ ನಾನು ಬೆಳಗಾಗುವ ಮೊದಲೇ ಮಡಿಗೆ ಹೋಗಿ ನನ್ನ ಹೂ ಕೊಯ್ದು ಮನೆಗೆ ಬಂದು ಗಂಜಿ ಕುಡಿಯುವಾಗ ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಮೊಗ್ಗನ್ನು ಕೊಡುತ್ತಾಳೆ. ಅಂಗಡಿಗೆ ಹೋಗಿ ಹಿತ್ತಾಳೆ ಲೋಟದಲ್ಲಿ ನೀರು ಹಾಕಿ ಇಟ್ಟರೆ ಬಿಸಿಲೇರುವಷ್ಟರಲ್ಲಿ ಅರಳಿ ಮನೆಯ ಕಡೆ ತಿರುಗುತ್ತದೆ. ಸಂಜೆ ಹೊರಡುವಾಗ ಅದನ್ನು ಯಾವುದಾದರೂ ಹಸುವಿಗೆ ಹಾಕಿ ಬರುತ್ತೇನೆ.

ವರ್ಷಾನುವರ್ಷ ಹೂವು ಮನೆ ಬಿಟ್ಟು ಅಲ್ಲಾಡಲಿಲ್ಲ. ಬೇರೆ ಹೆಂಗಸರು ಊರೆಲ್ಲ ಓಡಾಡುವಾಗ ನನ್ನ ಕೆಂಪಿ ಹೊಸ್ತಿಲು ದಾಟುವವಳಲ್ಲ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು. ಕೇಳಿದವರು "ಹೌದಾ?" ಎನ್ನುತ್ತಿದ್ದರು. ಆ "ಹೌದಾ" ನನಗೆ ಹಿಡಿಸುತ್ತಿರಲಿಲ್ಲ.

ಈ ವರ್ಷ ಹೂವು ತಿರುಗಿತು. ಊಟದ ಹೊತ್ತು ಮುಗಿದು ರಸ್ತೆ ಖಾಲಿಯಾಗಿತ್ತು. ಲೋಟದ ಹೂವು ಮೆಲ್ಲಗೆ, ಯಾರೋ ಗದ್ದ ಹಿಡಿದು ತಿರುಗಿಸಿದ ಹಾಗೆ, ಮನೆಯ ಕಡೆಯಿಂದ ಕೆರೆಯ ಕಡೆಗೆ ಮುಖ ಮಾಡಿತು. ಒಂದೇ ಕಡೆ ನಿಂತು ಹೂವಿನ ಸಾಕ್ಷಿ ಹೇಳಬೇಡ ಎಂದು ನಮ್ಮೂರಲ್ಲಿ ಗಾದೆ ಇದೆ, ಹೂವು ದಿಕ್ಕು ಹೇಳುತ್ತದೆಯೇ ಹೊರತು ದೂರ ಹೇಳುವುದಿಲ್ಲ. ಲೋಟ ಹಿಡಿದುಕೊಂಡು ರಸ್ತೆಯಲ್ಲಿ ಮೇಲಕ್ಕೆ ಸ್ವಲ್ಪ ದೂರ ನಡೆದು ಅಲ್ಲಿಂದಲೂ ನೋಡಿದೆ. ಎರಡು ದಿಕ್ಕೂ ಕೂಡುವುದು ಕೆರೆ ಏರಿಯ ಮೇಲೆ, ಪಂಪ್‌ಹೌಸಿನ ಆಸುಪಾಸು. ಪಂಪ್‌ಹೌಸಿಗೆ ಹೊಸದಾಗಿ ಒಬ್ಬ ವಾಟರ್‌ಮ್ಯಾನ್ ಬಂದಿದ್ದ. ಮೀಸೆ ಇದೆ, ಮದುವೆಯಾಗಿಲ್ಲ. ಆದರೂ ಆಗಾಗ ನನ್ನ ಹತ್ತಿರ ಒಂದು ಮೊಗ್ಗು ಕೊಳ್ಳುತ್ತಾನೆ. ಒಂಟಿ ಗಂಡಸಿಗೆ ಹೂವು ಯಾಕೆ?

ಸಂಜೆ ಮನೆಗೆ ಹೋದವನು "ಮಧ್ಯಾಹ್ನ ಎಲ್ಲಿದ್ದೆ?" ಎಂದೆ, ಆಕಾಶ ನೋಡುತ್ತಾ, ಮಳೆ ಬರುತ್ತದೋ ಏನೋ ಎನ್ನುವ ಹಾಗೆ. "ಇನ್ನೆಲ್ಲಿರ್ತೀನಿ, ಮನೇಲಿ" ಎಂದಳು ಕೆಂಪಿ. ಮಾರನೆಯ ದಿನವೂ ಊಟದ ಹೊತ್ತು ಕಳೆದ ಮೇಲೆ ಹೂವು ಕೆರೆಯ ಕಡೆ ತಿರುಗಿತು. ಅದರ ಮಾರನೆಯ ದಿನವೂ. ಬಿಸಿಲು ಇಳಿಯುವಾಗ ಮತ್ತೆ ಮನೆಯ ಕಡೆ ಬರುತ್ತಿತ್ತು. ಬೋರಲಿಂಗ ಎದುರಿನಿಂದ ನೋಡಿ "ಏನ್ ತಮ್ಮಯ್ಯಣ್ಣ, ಲೋಟದ ಮೇಲೆ ಭಾರೀ ಗ್ಯಾನ?" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಲೋಟಕ್ಕೆ ಟವಲು ಮುಚ್ಚಿದೆ.

ಎದ್ದು ಕೆರೆಗೆ ಹೋಗಿ ನೋಡುವುದೇನು ದೊಡ್ಡ ಕೆಲಸ ಎಂದು ಬೇರೆ ಊರಿನವರು ಕೇಳಬಹುದು. ನಾನು ಅಂಗಡಿ ಬಿಟ್ಟು ಎದ್ದರೆ ಊರಿನ ಅರ್ಧ ಹೂದಾನಿಗಳು ನನ್ನ ಜೊತೆ ಏಳುತ್ತವೆ. ತಮ್ಮಯ್ಯ ಕೆರೆ ಕಡೆ ಹೊರಟ ಎಂದು ಅಡುಗೆಮನೆಯಿಂದ ಅಡುಗೆಮನೆಗೆ ಸುದ್ದಿ ಮುಟ್ಟಿ, ನಾನು ಏರಿ ಹತ್ತುವಷ್ಟರಲ್ಲಿ ಕೆಂಪಿ ಒಲೆಯ ಮುಂದೆ ಕೂತಿರುತ್ತಾಳೆ. ಹಿಂಬಾಲಿಸಿದ ಎಂಬುದು ಮಾತ್ರ ಉಳಿಯುತ್ತದೆ. ಆಮೇಲೆ ಅವಳು, ಅವಳಕ್ಕ, ಬಸ್ಸು.

ಯೋಚಿಸಿ ಯೋಚಿಸಿ ಒಂದು ದಾರಿ ಕಂಡೆ. ನಾನು ಹೂ ಕೊಯ್ಯುವುದನ್ನೇ ನಿಲ್ಲಿಸಬೇಕು. ಊರಿನಲ್ಲಿರುವ ನನ್ನ ಹೂವೆಲ್ಲ ಬಾಡಿ ಉದುರುವವರೆಗೆ ಕಾಯಬೇಕು. ಆಮೇಲೆ ನಾನು ಎಲ್ಲಿಗೆ ಹೋದರೂ ಯಾರಿಗೂ ತಿಳಿಯುವುದಿಲ್ಲ. ಬಲಗೈ ಮಣಿಕಟ್ಟಿಗೆ ಒಂದು ಬಟ್ಟೆ ಬಿಗಿದು, ಬಕೆಟ್ಟು ಎತ್ತುವಾಗ ಉಳುಕಿತು ಎಂದೆ. ನಮ್ಮಕ್ಕನ ಗಂಡ ನಿಂಗಯ್ಯ ಭಾವನನ್ನು ಕರೆಸಿದೆ. ಭಾವನೇ ಕೊಯ್ದು, ಭಾವನೇ ಅಂಗಡಿಯಲ್ಲಿ ನಿಂತು, ಕೇಳಿದವರಿಗೆ ಸುತ್ತು ಹಾಕಿದರೆ ಯಾರೂ ತಪ್ಪು ಹೇಳುವಂತಿಲ್ಲ. ಭಾವ ಸುತ್ತು ಹಾಕುವುದನ್ನು ಮದುವೆ ಹೆಣ್ಣಿನ ಹಾಗೆ ನಾಚಿಕೊಂಡು ಹಾಕುತ್ತಿದ್ದ. ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತು ಲೋಟ ನೋಡುತ್ತಿದ್ದೆ.

ಸಂಜೆಯಾದರೆ ಕೆಂಪಿ ಹರಳೆಣ್ಣೆ ಬೆಚ್ಚಗೆ ಮಾಡಿ ತಂದು ನನ್ನ ಮಣಿಕಟ್ಟಿಗೆ ತಿಕ್ಕುತ್ತಿದ್ದಳು. ಹೆಬ್ಬೆರಳಿನಿಂದ ಮೇಲಿಂದ ಕೆಳಗೆ, ಮೆಲ್ಲಗೆ. "ನೋವೈತಾ?" ಎನ್ನುವಳು. "ಹ್ಞೂಂ" ಎನ್ನುವೆನು. ಅವಳ ಬಗ್ಗಿದ ತಲೆಯನ್ನು ನೋಡುತ್ತಾ, ಮಧ್ಯಾಹ್ನ ಇದೇ ಕೈ ಎಲ್ಲಿತ್ತು ಎಂದು ಲೆಕ್ಕ ಹಾಕುತ್ತಾ, ಅದರ ನಡುವೆಯೇ ಆ ಎಣ್ಣೆಯ ಬಿಸುಪಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಆದರೂ ಬಟ್ಟೆ ಬಿಚ್ಚಲಿಲ್ಲ. ಒಂದು ಬೆಳಿಗ್ಗೆ ಅವಳು "ದೇವರ ಗೂಡಿಗೆ ಒಂದೇ ಒಂದು ಹೂವು, ಎಡಗೈಲಾದ್ರೂ ಕೊಯ್ದು ಕೊಡಿ, ಯಜಮಾನರ ಕೈಯಿಂದಾದ್ರೆ ಒಳ್ಳೇದು" ಎಂದಳು. ಅಷ್ಟು ಪ್ರೀತಿಯಿಂದ ಕೇಳಿದಾಗ ಇಲ್ಲ ಎನ್ನುವುದು ಹೇಗೆ, ಕೊಯ್ದು ಕೊಟ್ಟೆ.

ವಾರ ಕಳೆಯುತ್ತಾ ಬಂದಂತೆ ಊರಿನಲ್ಲಿದ್ದ ನನ್ನ ಹೂವುಗಳು ಉದುರಿದವು. ಒಬ್ಬಳು ಅಂಗಡಿಗೆ ಬಂದು ಭಾವನನ್ನು "ತಮ್ಮಯ್ಯಣ್ಣ ಊರಲ್ಲಿಲ್ವಾ?" ಎಂದು ಕೇಳಿದಳು. ನಾನು ಅವಳಿಂದ ಒಂದು ಮೊಳ ದೂರದಲ್ಲಿ ಕೂತಿದ್ದೆ. ಯಾರಿಗೂ ಕಾಣದೆ ಇರುವುದು ಹಬ್ಬದ ಹಾಗಿರುತ್ತದೆ ಎಂದು ಎಣಿಸಿದ್ದೆನಲ್ಲ, ಹಾಗಿರಲಿಲ್ಲ. ಆದರೆ ಇಷ್ಟು ದೂರ ಬಂದ ಮೇಲೆ ಹಿಂದೆ ಸರಿಯುವ ಮಾತಿಲ್ಲ.

ಆ ಮಧ್ಯಾಹ್ನ ಹೂವು ಕೆರೆಯ ಕಡೆ ತಿರುಗಿದ ಕೂಡಲೇ ಲೋಟವನ್ನು ಟವಲಿನೊಳಗೆ ಮರೆಮಾಡಿಕೊಂಡು ಎದ್ದೆ. ಉಳುಕು ತೆಗೆಯುವವರಿಗೆ ಕೈ ತೋರಿಸಿಕೊಂಡು ಬರುತ್ತೇನೆ ಎಂದು ಭಾವನಿಗೆ ಹೇಳಿದೆ. ಬೀದಿಯಲ್ಲಿ ಯಾವ ಕಿಟಕಿಯೊಳಗಿನ ಹೂವೂ ನನ್ನ ಕಡೆ ತಿರುಗಲಿಲ್ಲ. ಎಲ್ಲವೂ ತಿರುವಿನ ಕಡೆ, ಭಾವನನ್ನೇ ನೋಡುತ್ತಿದ್ದವು. ನಾನು ತೋಪಿನ ಹಿಂದಿನಿಂದ ಬಳಸಿಕೊಂಡು ಏರಿ ಹತ್ತಿದೆ. ಹೆಜ್ಜೆ ಹೆಜ್ಜೆಗೂ ಟವಲು ಸರಿಸಿ ನೋಡುತ್ತಿದ್ದೆ. ಹೂವು ಪಂಪ್‌ಹೌಸಿನತ್ತಲೇ ನೋಡುತ್ತಿತ್ತು. ಕಿಟಕಿಯಲ್ಲಿ ಇಣುಕಿದೆ. ಮೀಸೆಯ ವಾಟರ್‌ಮ್ಯಾನ್ ಬಾಯಿ ತೆರೆದುಕೊಂಡು ಒಬ್ಬನೇ ಮಲಗಿದ್ದ. ತಲೆದೆಸೆಯಲ್ಲಿ ಬಾಟಲಿಯೊಳಗೆ ಒಂದು ಫೇಣಿ ಹೂವು. ಅದೂ ಭಾವನ ಕಡೆ ನೋಡುತ್ತಿತ್ತು.

ಲೋಟದ ಹೂವು ಪಂಪ್‌ಹೌಸನ್ನು ದಾಟಿ ಆಚೆಗೆ ನೋಡುತ್ತಿತ್ತು. ಗೋಡೆಯ ಮಗ್ಗುಲಿನಿಂದ ಕತ್ತು ಚಾಚಿದೆ. ಜಾಲಿ ಮರದ ನೆರಳಿನಲ್ಲಿ ದ್ಯಾವಕ್ಕ ಕೂತಿದ್ದಳು. ನಮ್ಮ ಹಿತ್ತಲ ಗೋಡೆಯಾಚೆಯ ದ್ಯಾವಕ್ಕ, ಮಂಡಿ ನೋವೆಂದು ಸದಾ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂರುವವಳು. ಪಕ್ಕದಲ್ಲಿ ಎರಡು ಆಡು ಮೇಯುತ್ತಿದ್ದವು. ಕೆಂಪಿ ಇವಳ ಹಿಂದೆ ಎಲ್ಲೋ ಅಡಗಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಸರಸರನೆ ಹೋಗಿ ಜಾಲಿ ಮರದ ಹಿಂದೆ ನೋಡಿದೆ, ಏರಿಯ ಇಳಿಜಾರಿನಲ್ಲಿ ನೋಡಿದೆ.

"ಏನೋ ತಮ್ಮಯ್ಯ, ಅಂಗಡಿ ಬುಟ್ಟು ಇಲ್ಲೇನ್ ಹುಡುಕ್ತಾ ಇದ್ದೀಯ? ಅದೇನದು ಟವಲೊಳ್ಗೆ?" ಎಂದಳು ದ್ಯಾವಕ್ಕ.

"ಕೆಂಪಿ ಎಲ್ಲಿ?"

"ಕೆಂಪಿ ಇಲ್ಲಿಗ್ಯಾಕೆ ಬತ್ತಾಳೆ? ಆಡು ನಂದು."

ನಾನು ಟವಲು ತೆಗೆದೆ. ನಾನು ಮರದ ಹಿಂದೆ ನಿಂತಿದ್ದ ಕಾರಣ ಹೂವು ಈಗ ಹಿಮ್ಮುಖವಾಗಿ ದ್ಯಾವಕ್ಕನ ಕಡೆಗೇ ತಿರುಗಿಕೊಂಡಿತ್ತು. "ದ್ಯಾವಕ್ಕ, ಎದ್ದು ಒಂದ್ ಸುತ್ತು ಹಾಕು" ಎಂದೆ. "ನಾನೇನ್ ಹೂ ಮಾರೋಳಾ ಸುತ್ತು ಹಾಕಕ್ಕೆ?" ಎಂದಳು. "ನಿನ್ ಕಾಲಿಗೆ ಬೀಳ್ತೀನಿ, ಹಾಕು" ಎಂದೆ. ಅವಳು ಲೋಟ ನೋಡಿದಳು, ನನ್ನ ಮುಖ ನೋಡಿದಳು. ನೆಲಕ್ಕೆ ಕೋಲು ಊರಿ ಎದ್ದು, ಗೊಣಗಿಕೊಂಡು, ನನ್ನ ಸುತ್ತ ಕುಂಟುತ್ತಾ ಒಂದು ಸುತ್ತು ಬಂದಳು. ಹೂವು ಅವಳ ಜೊತೆ ಪೂರ್ತಿ ಸುತ್ತು ಬಂತು.

"ನೋಡ್ದಾ? ಈಗ ಸಮಾಧಾನ ಆಯ್ತಾ?" ಎಂದು ಅವಳು ಮತ್ತೆ ಕೂತಳು. "ಮೊದಲ್ನೇ ವರ್ಸದಿಂದ್ಲೂ ನಾನೇ ಕೊಯ್ದು ಗೋಡೆ ಮೇಲಿಂದ ಕೊಡ್ತಿರೋದು. 'ಅಕ್ಕಾ, ಯಾರೋ ಬೆನ್ನಿಗೆ ಕಣ್ಣು ಅಂಟಿಸ್ದಂಗೆ ಆಯ್ತದೆ' ಅಂತ ಕಣ್ಣೀರು ಹಾಕುದ್ಲು ಕೆಂಪಿ. ತಗಾ, ನನ್ ಬೆನ್ನಿಗೆ ಅಂಟಿಸ್ಕೊಳ್ಲಿ, ಈ ಮಂಡಿ ಇಟ್ಕೊಂಡು ನಾನೆಲ್ಲಿಗೆ ಹೋದೇನು ಅಂದೆ. ಈಗ ನಮ್ ಸೊಸೆ ಆಡು ತಂದವ್ಳೆ. ಅವನ್ನ ಮೇಯಿಸ್ಬೇಕಲ್ಲ. ಕೆಂಪಿ ಬಂದು 'ಅಕ್ಕಾ, ಹೂವಿನ ಕಾಲ ಮುಗಿಯೋಗಂಟ ಮಧ್ಯಾಹ್ನ ಎಲ್ಲೂ ಹೋಗ್ಬೇಡ' ಅಂದ್ಲು. ನಿನ್ ಗಂಡನ ಅನುಮಾನಕ್ಕೆ ನನ್ ಆಡು ಉಪವಾಸ ಇರ್ಬೇಕಾ ಅಂದೆ."

"ಹಂಗಾದ್ರೆ ಕೆಂಪಿ ದಿನಾ ಎಲ್ಲಿಗೆ ಹೋಗ್ತಾಳೆ?"

"ಎಲ್ಲಾ ಕಡೆಗೂ ಹೋಯ್ತಾಳೆ. ಸಂತೆಗೆ, ಗಿರಣಿಗೆ, ತೋಪಿಗೆ. ಸುಮ್ನೆ ಗಾಳಿಗೆ ಒಂದು ಸುತ್ತು ಹೋಗಿ ಬತ್ತಾಳೆ. ಊರಿಗೆಲ್ಲ ಗೊತ್ತು. ನಿನಗೊಬ್ಬನಿಗೆ ಗೊತ್ತಿಲ್ಲ, ನೀನು ಲೋಟ ನೋಡ್ಕೊಂಡು ಕುಂತಿದ್ದೆಯಲ್ಲ."

ಬೋರಲಿಂಗನ ನಗು, ಆ "ಹೌದಾ"ಗಳು ಎಲ್ಲವೂ ಒಂದರ ಹಿಂದೆ ಒಂದು ಬಂದು ನನ್ನ ತಲೆಗೆ ಬಡಿದವು. ತಟ್ಟೆಯ ತಳ ನೋಡುವ ವಂಶದವನು ನಾನು. ಗಾಳಿಯನ್ನೂ ಅನುಮಾನಿಸಿದವನು ಆ ಒಂದು ಮೊಗ್ಗನ್ನು ಯಾರು ಕೊಯ್ದರು ಎಂದು ಕೇಳಲಿಲ್ಲ. ಎಷ್ಟೋ ವರ್ಷ ದ್ಯಾವಕ್ಕನ ಮಂಡಿ ನೋವನ್ನು ಕೆಂಪಿಯ ಪತಿವ್ರತಾಧರ್ಮ ಎಂದು ಊರಿನ ಮುಂದೆ ಹೊಗಳಿಕೊಂಡಿದ್ದೆ.

ಓಡೋಡಿ ಮನೆಗೆ ಬಂದೆ. ಬಾಗಿಲಿಗೆ ಚಿಲಕ ಹಾಕಿತ್ತು. ಒಳಗೆ ಒಲೆ ತಣ್ಣಗಿತ್ತು. ಅವಳ ಟ್ರಂಕು ಇತ್ತು, ಆದರೆ ಅವಳಕ್ಕ ಸಂತೆ ಚೀಲವನ್ನೇ ಬಿಟ್ಟುಹೋದವಳು, ಟ್ರಂಕು ಇದ್ದರೆಷ್ಟು ಬಿಟ್ಟರೆಷ್ಟು. ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುವಾಗ ದೇವರ ಗೂಡಿನಲ್ಲಿ ಏನೋ ಅಲ್ಲಾಡಿದಂತಾಯಿತು. ನಾನು ಎಡಗೈಯಲ್ಲಿ ಕೊಯ್ದು ಕೊಟ್ಟ ಹೂವು. ನಾನು ಅತ್ತ ಹೋದರೆ ಅತ್ತ, ಇತ್ತ ಬಂದರೆ ಇತ್ತ. ಊರಿನಲ್ಲಿದ್ದ ನನ್ನ ಹೂವೆಲ್ಲ ಉದುರಿದ ಮೇಲೂ ಒಂದನ್ನು ಅವಳು ಉಳಿಸಿಕೊಂಡಿದ್ದಳು. ನಾನು ಕಲ್ಲಿನಿಂದ ಎದ್ದದ್ದು, ತೋಪು ಬಳಸಿದ್ದು, ಏರಿ ಹತ್ತಿದ್ದು ಎಲ್ಲವನ್ನೂ ಇಲ್ಲೇ ನಿಂತು ನೋಡಿ, ಆಮೇಲೆ ಚಿಲಕ ಹಾಕಿಕೊಂಡು ಹೋಗಿದ್ದಾಳೆ.

ಹೊಸ್ತಿಲ ಮೇಲೆ ಕೂತೆ. ಎಲ್ಲಿ ಹುಡುಕಲಿ? ಯಾರನ್ನು ಕೇಳಲಿ? ಕೆಂಪಿ ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲದೆ ಇದ್ದದ್ದು ಅದೇ ಮೊದಲಲ್ಲ, ಗೊತ್ತಿಲ್ಲ ಎಂಬುದು ಗೊತ್ತಾಗಿದ್ದು ಮೊದಲು. ಭಯವಾಯಿತು. ದೀಪ ಹಚ್ಚುವ ಹೊತ್ತಿಗೆ ಬೀದಿಯ ಕೊನೆಯಲ್ಲಿ ಅವಳ ಸೆರಗು ಕಂಡಾಗ ಅತ್ತೇಬಿಟ್ಟೇನು ಎನಿಸಿತು.

"ಏರಿ ಮೇಲೆ ಗಾಳಿ ಹೆಂಗಿತ್ತು?" ಎಂದಳು, ನನ್ನನ್ನು ದಾಟಿಕೊಂಡು ಒಳಗೆ ಹೋಗುತ್ತಾ. ನಾನು ಎದ್ದು ಹಿಂದೆಯೇ ಹೋದೆ. "ಕೈ ಉಳುಕು?" ಎಂದಳು. "ವಾಸಿ" ಎಂದೆ. "ಉಳುಕೇ ಇರ್ಲಿಲ್ಲ. ಉಳುಕಿದ ಕೈ ಮುಟ್ಟಿದ್ರೆ ಜೀವ ಹೋಯ್ತದೆ. ನೀವು ನಿದ್ದೆ ಹೋಗ್ತಿದ್ರಿ."

"ಗೊತ್ತಿದ್ದೂ ಎಣ್ಣೆ ತಿಕ್ಕಿದೆಯಲ್ಲ ಕೆಂಪಿ."

"ಎಷ್ಟ್ ದಿನ ತಿಕ್ಕಿಸ್ಕೊಂತೀರಿ ಅಂತ ನೋಡ್ದೆ."

ಆ ಹೊತ್ತಿನಲ್ಲಿ ಕೇಳಬಾರದಿತ್ತು, ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. "ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ?" ಎಂದುಬಿಟ್ಟೆ. ಅವಳು ದೀಪದ ಬತ್ತಿ ಸರಿಮಾಡುತ್ತಿದ್ದವಳು ನಿಲ್ಲಿಸಿದಳು. "ತವರಿಗೆ ಬಸ್ಸು ಯಾವಾಗ ಅಂತ ಕೇಳ್ಕೊಂಡು ಬಂದೆ. ಬೆಳಿಗ್ಗೆ ಒಂದೈತಂತೆ" ಎಂದಳು. ಹೋಗುತ್ತೀಯಾ ಎಂದು ನಾನು ಕೇಳುವ ಮೊದಲೇ ಅವಳು ಉತ್ತರ ಕೊಟ್ಟಳು. "ನಾಳೆ ನಿಮ್ಮ ಹೂವು ನೀವೇ ಕೊಯ್ಕೊಳ್ಳಿ. ನಾನೂ ಒಂದು ಮೊಗ್ಗು ಕೊಡ್ತೀನಿ. ಅರಳಿದ ಮೇಲೆ ನೋಡ್ಕೊಳ್ಳಿ."

ಬೆಳಿಗ್ಗೆ ಮಡಿಯಲ್ಲಿ ಕೊಯ್ದು ತಂದೆ. ನಾನು ಗಂಜಿ ಕುಡಿದು ಮುಗಿಸುವಷ್ಟರಲ್ಲಿ ಅವಳು ಎಂದಿನ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಗ್ಗನ್ನು ಕೈಗಿಟ್ಟಳು. ಮುಖದಲ್ಲಿ ಏನೂ ಇರಲಿಲ್ಲ. ಅಂಗಡಿಗೆ ಬಂದು ಲೋಟಕ್ಕೆ ನೀರು ಹಾಕಿ ಮೊಗ್ಗು ನಿಲ್ಲಿಸಿದೆ. ಭಾವನನ್ನು ಹಿಂದಿನ ರಾತ್ರಿಯೇ ಊರಿಗೆ ಕಳಿಸಿಯಾಗಿತ್ತು. ಬೋರಲಿಂಗ ಅಂದು ನಗಲಿಲ್ಲ. ಏರಿಯ ಮೇಲೆ ನಡೆದದ್ದನ್ನು ದ್ಯಾವಕ್ಕ ಎಲ್ಲರಿಗೂ ಹೇಳಿದ್ದಾಳೆ ಎಂದು ಅದರಿಂದಲೇ ತಿಳಿಯಿತು.

ಅಷ್ಟರಲ್ಲಿ ಅವಳ ತವರಿನ ಬಸ್ಸು ಬಂತು. ಅದು ನಮ್ಮ ತಿರುವಿನಲ್ಲೇ ದಿಣ್ಣೆ ಹತ್ತಿ ಹೋಗಬೇಕು. ಕಿಟಕಿಗಳ ತುಂಬ ಜನ, ಸೆರಗು, ಚೀಲ. ನಾನು ಎದ್ದು ನಿಂತು ಒಂದೊಂದು ಕಿಟಕಿಯನ್ನೂ ನೋಡುವಷ್ಟರಲ್ಲಿ ಧೂಳೆಬ್ಬಿಸಿ ಹೋಗಿಬಿಟ್ಟಿತು. ಮೊಗ್ಗು ಇನ್ನೂ ಬಿಗಿದುಕೊಂಡೇ ಇತ್ತು. ಒಂದು ಇರುವೆ ಅದರ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಿತ್ತು. ದಿಣ್ಣೆಯ ಕಡೆ ತಿರುಗಿದರೆ ಅವಳು ಬಸ್ಸಿನಲ್ಲಿ, ಊರ ಕಡೆ ತಿರುಗಿದರೆ ಮನೆಯಲ್ಲಿ. ಅಂದು ಯಾರು ಏನು ಕೊಂಡರು, ಯಾರು ಸುತ್ತು ಕೇಳಿದರು, ಒಂದೂ ನೆನಪಿಲ್ಲ. ಊರ ಕಡೆ ತಿರುಗಲಪ್ಪಾ, ಇನ್ನೆಂದೂ ಲೋಟ ಇಡುವುದಿಲ್ಲ ಎಂದು ಆ ಮೊಗ್ಗಿಗೇ ಹರಕೆ ಹೊತ್ತೆ.

ಬಿಸಿಲೇರಿ ಎಸಳು ಬಿಚ್ಚಿತು. ಹೊರಗಿನವು ಮೊದಲು, ಆಮೇಲೆ ಒಳಗಿನವು. ಹೂವು ಒಂದು ಸಲ ಅಲುಗಾಡಿ, ಮೆಲ್ಲಗೆ ತಿರುಗಿ, ನನ್ನ ಎದೆಗೆ ನೇರವಾಗಿ ನಿಂತಿತು. ನನ್ನ ಬೆನ್ನ ಹಿಂದೆ ಬಂದಿದ್ದಾಳೋ ಎಂದು ತಿರುಗಿ ನೋಡಿದೆ. ಯಾರೂ ಇಲ್ಲ. ಕಲ್ಲಿನ ಆಚೆಗೆ ಹೋದೆ, ಹೂವು ಆಚೆಗೆ ಬಂತು. ಲೋಟದ ಸುತ್ತ ಒಂದು ಸುತ್ತು ಹಾಕಿದೆ, ಯಾರೂ ಕೇಳದೆಯೇ. ಅದೂ ಸುತ್ತಿತು. ನಾನು ಬೆಳಿಗ್ಗೆ ಕೊಯ್ದು ತಂದ ಬಕೆಟ್ಟಿನಿಂದಲೇ ಕೆಂಪಿ ಒಂದು ಮೊಗ್ಗು ತೆಗೆದು, ಒದ್ದೆ ಬಟ್ಟೆ ಸುತ್ತಿ, ನನ್ನ ಕೈಗೇ ಕೊಟ್ಟಿದ್ದಳು.

ಅವಳು ಬಸ್ಸಿನಲ್ಲಿದ್ದಾಳೋ ಮನೆಯಲ್ಲಿದ್ದಾಳೋ ಹೇಳುವ ಹೂವು ಲೋಕದಲ್ಲಿ ಒಂದೂ ಇರಲಿಲ್ಲ. ನಾನು ಕಲ್ಲಿನ ಮೇಲೆ ಕೂತೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಬೋರಲಿಂಗ ಎದುರಿನಿಂದ "ತಮ್ಮಯ್ಯಣ್ಣ" ಎಂದು ಮೆಲ್ಲಗೆ ಕರೆದು ಗದ್ದದಿಂದ ರಸ್ತೆಯ ಕೆಳಭಾಗ ತೋರಿಸಿದ. ಕೆಂಪಿ ಊರ ಕಡೆಯಿಂದ ಬರುತ್ತಿದ್ದಳು. ಕೈಯಲ್ಲಿ ಊಟದ ಡಬ್ಬಿ. ಮದುವೆಯಾದ ಮೇಲೆ ಆ ತಿರುವಿಗೆ ಅವಳು ಬಂದದ್ದು ಅದೇ ಮೊದಲು.

ತಪ್ಪಾಯಿತು ಎನ್ನಬೇಕೆಂದು ಎದ್ದು ನಿಂತೆ. ಬಾಯಿಂದ ಬಂದದ್ದು "ಬಸ್ಸು ಹೋಯ್ತಲ್ಲ" ಎಂಬ ಮಾತು.

"ದಿನಾ ಇರ್ತದಲ್ಲ" ಎಂದಳು ಕೆಂಪಿ. ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಲೋಟದ ಕಡೆ ನೋಡಿದಳು. "ಅರಳ್ತಾ?"

"ಅರಳ್ತು."

"ಎತ್ಲಾಗೆ ನೋಡ್ತೈತೆ?"

"ನನ್ ಕಡೆಗೆ."

"ಹ್ಞೂಂ" ಎಂದಳು. ಆ ಹ್ಞೂಂನಲ್ಲಿ ನಗು ಇತ್ತೋ ಇರಲಿಲ್ಲವೋ ಈಗಲೂ ನನಗೆ ತೀರ್ಮಾನವಾಗಿಲ್ಲ. "ಹುಳಿ ಆರೋಗೋಕೆ ಮುಂಚೆ ಉಣ್ಣಿ. ಡಬ್ಬಿ ತೊಳ್ದು ತನ್ನಿ" ಎಂದು ಸೆರಗು ಕೊಡವಿಕೊಂಡು ಹೊರಟಳು. ಊರ ಕಡೆಗಲ್ಲ, ದಿಣ್ಣೆಯ ಕಡೆಗೆ. ಬಿಸಿಲಿನಲ್ಲಿ ಅವಸರವಿಲ್ಲದೆ ಹತ್ತಿ, ದಿಣ್ಣೆಯ ನೆತ್ತಿಯಲ್ಲಿ ಮರೆಯಾದಳು. ಅಲ್ಲಿಂದಾಚೆಗೆ ರಸ್ತೆ ಎರಡಾಗುತ್ತದೆ. ಒಂದು ಬಳಸಿಕೊಂಡು ಮತ್ತೆ ಊರಿನ ಗಿರಣಿಯ ಕಡೆ ಇಳಿಯುತ್ತದೆ, ಇನ್ನೊಂದು ಎಲ್ಲೆಲ್ಲಿಗೋ. ಅವಳು ಯಾವುದನ್ನು ಹಿಡಿದಳು ಎಂದು ತಿಳಿಯಲು ಅಭ್ಯಾಸಬಲದಿಂದ ನನ್ನ ಕಣ್ಣು ಲೋಟಕ್ಕೆ ಹೋಯಿತು. ಅದು ನನ್ನನ್ನೇ ನೋಡುತ್ತಿತ್ತು.